ಪೆನ್ ಡ್ರೈವ್ ಕೀಳುವ ಕೆಲಸ

ನಮ್ಮ ಯಜಮಾನರ ಕೆಲಸವೇನೆಂದು ಯಾರಾದರೂ ಕೇಳಿದರೆ, "ಪೆನ್ ಡ್ರೈವ್ ಕೀಳೋದು" ಎನ್ನುತ್ತೇನೆ. ತಮಾಷೆಯಲ್ಲ. ತೂಕದ ಯಂತ್ರ, ಟಿಕೆಟ್ ಯಂತ್ರ, ಇಂಥವುಗಳ ಹೊಟ್ಟೆಯಲ್ಲಿ ಲಿನಕ್ಸ್ ಎಂಬ ಪುಟ್ಟದೊಂದು ಕಂಪ್ಯೂಟರ್ ವ್ಯವಸ್ಥೆ ಓಡುತ್ತಿರುತ್ತದೆ. ಅದು ಮಾಹಿತಿ ಬರೆಯುತ್ತಿರುವಾಗಲೇ ಯಾರಾದರೂ ಹೇಳದೆ ಕೇಳದೆ ಪೆನ್ ಡ್ರೈವ್ ಕಿತ್ತುಕೊಂಡರೆ ಯಂತ್ರ ಕಂಗಾಲಾಗಬಾರದು. ಹಾಗಾಗದಂತೆ ಪ್ರೋಗ್ರಾಂ ಬರೆಯುವುದು, ಬರೆದ ಮೇಲೆ ಬೇಕೆಂದೇ ಕಿತ್ತು ನೋಡುವುದು. ದಿನವಿಡೀ ಮೇಜಿನ ಮುಂದೆ ಕೂತು ಚುಚ್ಚುತ್ತಾರೆ, ಕೀಳುತ್ತಾರೆ. ಇದಕ್ಕೆ ಸಂಬಳ ಬೇರೆ.

ಮನೆಯಲ್ಲೂ ಅದೇ ಪಾಠ. "ದೀಪ ಮಿನುಗ್ತಿರೋವಾಗ ಪೆನ್ ಡ್ರೈವ್ ಮುಟ್ಬೇಡಿ, ಆರಿದ್ಮೇಲೆ ತೆಗೀರಿ." ಟಿವಿಗೆ ಪೆನ್ ಡ್ರೈವ್ ಚುಚ್ಚಿ ಹಾಡು ಕೇಳಿ ಮುಗಿಸಿದ ಮೇಲೂ ನಮ್ಮತ್ತೆ ಕನ್ನಡಕ ಸರಿಮಾಡಿಕೊಂಡು ಆ ದೀಪವನ್ನೇ ದಿಟ್ಟಿಸುತ್ತ ಕೂರುತ್ತಿದ್ದರು. ನನಗೆ ನಗು, ಇವರಿಗೆ ಹೆಮ್ಮೆ.

ನನ್ನ ನಾದಿನಿ, ಇವರ ತಂಗಿ, ದೊಡ್ಡ ಬಾಯಿಬಡುಕಿ. ಅವಳಿಗೇ ಗಂಟಲಲ್ಲಿ ಗಡ್ಡೆಯಾಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು ಡಾಕ್ಟರು. ಮೊದಲೇ ಅವಳ ಮಾತನ್ನು ರೆಕಾರ್ಡ್ ಮಾಡಿಟ್ಟುಕೊಂಡರೆ, ಮುಂದೆ ಅವಳು ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಅವಳದೇ ದನಿಯಲ್ಲಿ ಹೇಳುತ್ತದಂತೆ. ಆಸ್ಪತ್ರೆಯಲ್ಲಿ ಅದಕ್ಕೊಂದು ಯಂತ್ರವಿತ್ತು, ಕೇಳಿದ್ದನ್ನು ಪೆನ್ ಡ್ರೈವಿಗೆ ಬರೆದುಕೊಡುವಂಥದ್ದು, ಇವರ ಕಂಪನಿಯದಲ್ಲ. ಇವರು ಕೆಲಸದ ಮೇಲೆ ಬೇರೆ ಊರಿನಲ್ಲಿದ್ದರು. ಆಪರೇಷನ್ನಿನ ಹಿಂದಿನ ಸಂಜೆ ಅತ್ತೆಯೇ ಮಗಳನ್ನು ಕೂರಿಸಿ ಓದಿಸಿದರು. ಕೊಟ್ಟ ವಾಕ್ಯಗಳೆಲ್ಲ ಮುಗಿದ ಮೇಲೆ ಅವಳು ಅಣ್ಣನನ್ನು ಮನಸಾರೆ ಬೈದಳಂತೆ. "ಬೈಗುಳ ಇಲ್ದಿದ್ರೆ ಅದು ನನ್ನ ದನಿ ಅಂತ ಯಾರು ನಂಬ್ತಾರೆ?"

ಮರುದಿನ ಇವರು ಬಸ್ಸಿಳಿದು ಬರುವಷ್ಟರಲ್ಲಿ ಅವಳನ್ನು ಒಳಗೆ ಕರೆದೊಯ್ದಾಗಿತ್ತು. ಕಾರಿಡಾರಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಅತ್ತೆ ಕೊಟ್ಟ ಪೆನ್ ಡ್ರೈವ್ ಹಾಕಿದರು. ಫೈಲಿನ ಹೆಸರಿತ್ತು. ಒಳಗೆ ಸೊನ್ನೆ.

"ಅಮ್ಮಾ, ಇದನ್ನ ಯಾವಾಗ ತೆಗೆದೆ?"

"ದೀಪ ಆರಿದ್ಮೇಲೇ ಕಣೋ. ಯಂತ್ರ ನಡೆಸೋ ಹುಡುಗಿ ಆಚೆ ಹೋಗಿದ್ಲು, ನಾನೇ ಕಾದಿದ್ದು ತೆಗ್ದೆ. ನೀನೇ ಹೇಳ್ಕೊಟ್ಟಿದ್ದೀಯಲ್ಲ!" ಎಂದು ಅತ್ತೆ ನೀರು ತರಲು ಕೆಳಗಿಳಿದರು.

ಇವರು ಆ ಹುಡುಗಿಯನ್ನು ಹುಡುಕಿಕೊಂಡು ಹೋಗಿ ಕೇಳಿದರು. ಆ ಯಂತ್ರದ ದೀಪ ಆರಿತೆಂದರೆ ಕೇಳಿಸಿಕೊಳ್ಳುವುದು ಮುಗಿಯಿತು ಎಂದಷ್ಟೇ ಅರ್ಥ. ಕೇಳಿದ್ದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಅದು ಬರೆಯಲು ಶುರುಮಾಡುವುದೇ ಆಮೇಲೆ. ರಾತ್ರಿ ಎಂದಿನಂತೆ ಯಂತ್ರದ ಸ್ವಿಚ್ ಆರಿಸಿದ್ದರು, ತಲೆಯಲ್ಲಿದ್ದದ್ದೂ ಹೋಗಿತ್ತು.

ಇವರು ಆಪರೇಷನ್ ಥಿಯೇಟರಿನ ಬಾಗಿಲಿಗೆ ಓಡಿದರು. "ಸ್ವಲ್ಪ ನಿಲ್ಸಿ, ಅವಳು ನಾಲ್ಕು ಮಾತಾಡ್ಲಿ" ಎಂದು ಅಂಗಲಾಚಿದರು. ಆಗಲೇ ಶುರುವಾಗಿದೆ ಎಂದರು ನರ್ಸು. ಬರೆಯದೆ ಹೋದದ್ದನ್ನು ಹುಡುಕಿ ತೆಗೆಯಲಾಗದು ಎಂಬುದು ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಹುಡುಕುತ್ತಲೇ ಇದ್ದರು. ಆ ಯಂತ್ರ ಮಾಡಿದವನು ಕೈಗೆ ಸಿಕ್ಕಿದ್ದರೆ ಸಿಗಿದುಹಾಕುತ್ತಿದ್ದೆ ನಾನು.

ಅತ್ತೆ ನೀರಿನ ಬಾಟಲಿ ಹಿಡಿದು ಬಂದರು. ಮಗನ ಮುಖ ನೋಡಿ ಗಾಬರಿಯಾದರು.

"ಏನಾಯ್ತೋ?"

"ಪೆನ್ ಡ್ರೈವೇ ಕೆಟ್ಟೋಗಿದೆಯಮ್ಮ. ಏನೂ ಉಳಿದಿಲ್ಲ. ನೀನು ಸರಿಯಾಗೇ ಮಾಡಿದ್ದೀಯ."

ಅತ್ತೆ ಮಗನ ಬೆನ್ನು ಸವರಿದರು. "ಅಷ್ಟಕ್ಕೆ ಯಾಕೋ ಹೀಗೆ ಮುಖ ಸಣ್ಣ ಮಾಡ್ಕೊಂಡಿದ್ದೀಯ? ಹೊಸದು ತಂದ್ರಾಯ್ತು. ಅವಳು ಮನೆಗೆ ಬರ್ಲಿ, ಇನ್ನೊಂದ್ಸಲ ಕೂರ್ಸಿ ಮಾತಾಡ್ಸೋಣ."

ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ತಿಳಿಯಿತು. ಬೆನ್ನಿನ ಮೇಲಿದ್ದ ಕೈ ಅಲ್ಲೇ ನಿಂತಿತು.