ಅಳತೆಗೆ ಕೊಟ್ಟ ಸೂಟು

ಸರಕ್, ಸರಕ್.

ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕೊಯ್ಯುವ ಯಂತ್ರ ಸಂಜೆ ನಿಂತಿತೆಂದರೆ ಕಿವಿಯಲ್ಲಿ ಸ್ವಲ್ಪ ಹೊತ್ತು ಗುಂಯ್ ಎನ್ನುತ್ತಿರುತ್ತದೆ. ಅದೂ ಇಳಿದ ಮೇಲೆ ನೀಲಾವತಿಯ ಮನೆಯ ಒಳಕೋಣೆಯಿಂದ ಈ ಸದ್ದು ಬರುತ್ತಿತ್ತು. ದಪ್ಪ ಬಟ್ಟೆ ತೊಟ್ಟ ಯಾರೋ ನಿಧಾನವಾಗಿ ನಡೆಯುವಾಗ ತೊಡೆಗೆ ತೊಡೆ ಉಜ್ಜಿದ ಹಾಗೆ. ಕೆಲವು ಹೆಜ್ಜೆ, ಒಂದು ಬಿಡುವು, ಮತ್ತೆ ಕೆಲವು ಹೆಜ್ಜೆ. ಒಲೆಯ ಮುಂದೆ ಕೂತ ನೀಲಾವತಿ ತಲೆ ಎತ್ತದೆ ‘ಗಾಳಿ’ ಎಂದುಕೊಳ್ಳುತ್ತಿದ್ದಳು. ಬಾಗಿಲ ಹಿಂದಿನ ಮೊಳೆಯಲ್ಲಿ ಸೂಟು ತೂಗುತ್ತಿದೆ, ಕಿಟಕಿಯ ಗಾಳಿಗೆ ಗೋಡೆಗೆ ಉಜ್ಜುತ್ತದೆ. ಅಷ್ಟೇ.

ಆ ಸೂಟನ್ನು ಹೊಲಿದವಳು ಅವಳೇ. ವಾಮದಪದವಿನ ಪೇಟೆಯಲ್ಲಿ, ಮೈಮೂನಮ್ಮನ ಗುಂಡಿ, ಲೇಸಿನ ಅಂಗಡಿಗೆ ತಾಗಿಕೊಂಡು ಅವಳ ಟೈಲರಿಂಗ್ ಅಂಗಡಿ. ಅವಳಿನ್ನೂ ಹೊಸದಾಗಿ ಮೆಷಿನ್ ಹಾಕಿದ್ದ ಕಾಲಕ್ಕೆ ಬೆಂಗಳೂರಿನಿಂದ ಒಂದು ಸಿನಿಮಾ ತಂಡ ಬಂದಿತ್ತು. ಮಂಗಳ ಗ್ರಹದಲ್ಲಿ ಸಿಕ್ಕಿಬಿದ್ದವರ ಕಥೆ. ಅದಕ್ಕೆ ಬೇಕಾದ ಕೆಂಪು ನೆಲ, ನೇರ ಕೊಯ್ದ ಕೆಂಪು ಗೋಡೆ, ಹುಲ್ಲು ಹುಟ್ಟದ ಬಯಲು ಎಲ್ಲವೂ ನಮ್ಮ ಕೋರೆಯಲ್ಲಿ ಧರ್ಮಕ್ಕೆ ಸಿಕ್ಕಿತು. ಸೂಟಿಗೆ ಬಟ್ಟೆಯಾದದ್ದು ಕಾರಿಗೆ ಹೊದಿಸುವ ಬೆಳ್ಳಿ ಬಣ್ಣದ ಕವರು. ನಾಯಕನ ಅಳತೆ ಹೊತ್ತಿಗೆ ಸರಿಯಾಗಿ ಬರಲಿಲ್ಲ. ನೀಲಾವತಿ ತಮ್ಮ ಸಂಕಪ್ಪನನ್ನೇ ನಿಲ್ಲಿಸಿ ಅಳೆದು ಕತ್ತರಿ ಹಾಕಿದಳು.

ಕೋರೆಯಲ್ಲಿ ಕಲ್ಲು ಹೊತ್ತು ಹೊತ್ತು ಸಂಕಪ್ಪನ ಎಡ ಭುಜ ತಗ್ಗಿತ್ತು. ಸೂಟಿನ ಎಡ ಭುಜವೂ ತಗ್ಗಿತು. ನಾಯಕನ ಮೈಗೆ ಅದು ಕೂಡಲಿಲ್ಲ. ಬಿಸಿಲಿಗೆ ಅವನಿಗೆ ತಲೆಸುತ್ತು ಬೇರೆ. ಹೆಲ್ಮೆಟ್ ಹಾಕಿದ ಮೇಲೆ ಒಳಗೆ ಯಾರಿದ್ದರೇನು ಎಂದು ಸಂಕಪ್ಪನನ್ನೇ ತೊಡಿಸಿ ನಿಲ್ಲಿಸಿದರು. ಸಿನಿಮಾದ ಕೊನೆಯಲ್ಲಿ, ಸಂಗಡಿಗರ ರಾಕೆಟ್ ಹಾರಿಹೋದ ಮೇಲೆ, ಒಬ್ಬ ಭುಜ ತಗ್ಗಿಸಿಕೊಂಡು ಕೆಂಪು ಗೋಡೆಯ ಕಡೆಗೆ ನಡೆದುಹೋಗುತ್ತಾನೆ. ತಿರುಗಿ ನೋಡುವುದಿಲ್ಲ. ಅದು ಸಂಕಪ್ಪ. ಮೂಡಬಿದಿರೆಯ ಟಾಕೀಸಿನ ಕತ್ತಲೆಯಲ್ಲಿ ಅಮ್ಮ, “ಮುಖ ಯಾವಾಗ ತೋರಿಸ್ತಾರೆ?” ಎಂದು ಕೇಳುತ್ತಲೇ ಇದ್ದಳು.

ಆಮೇಲೆ ಆ ತಂಡದವರು ಯಾರೋ ಗುಜರಾತಿನ ಉಪ್ಪಿನ ಬಯಲಿನಲ್ಲಿ ಇನ್ನೊಂದು ಶೂಟಿಂಗ್ ಉಂಟು ಎಂದರು. ಸಂಕಪ್ಪ ಹೊರಟ. “ಬಂದ ಮೇಲೆ ಬೇಕಾಗ್ತದೆ ಅಕ್ಕ, ಯಾರಿಗೂ ಕೊಡಬೇಡ,” ಎಂದು, ತಂಡದವರು ಬಿಟ್ಟುಹೋದ ಸೂಟನ್ನು ಬಾಗಿಲ ಹಿಂದೆ ತೂಗುಹಾಕಿದ್ದು ಅವನೇ. ಕೆಲವು ಸಲ ಫೋನು ಬಂತು. ಮತ್ತೆ ಬರಲಿಲ್ಲ. ಕೇಳಿದವರೆಲ್ಲ ಗೊತ್ತಿಲ್ಲ ಎಂದರು. ಅವನು ಬದುಕಿದ್ದಾನೆ ಎಂದು ಹೇಳಿದವರಿಲ್ಲ, ಸತ್ತ ಎಂದವರೂ ಇಲ್ಲ.

ದೀಪಾವಳಿಗೆ, ಅಂದರೆ ನಮ್ಮ ಪರ್ಬಕ್ಕೆ, ಮನೆಯಲ್ಲಿ ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುತ್ತಾರೆ. ಎಲೆಯ ಮುಂದೆ ನಿಂತು ಹೆಸರು ಹಿಡಿದು ಕರೆಯುತ್ತಾರೆ. ಅಪ್ಪನಿಗೆ ಎಲೆ ಬಿತ್ತು, ಕೆಲವು ವರ್ಷದ ಮೇಲೆ ಅಮ್ಮನಿಗೂ ಬಿತ್ತು. ಸಂಕಪ್ಪನಿಗೆ ಬೀಳಲಿಲ್ಲ. ಅವನ ಪಾಲಿನದ್ದನ್ನು ನೀಲಾವತಿ ಅಡುಗೆಮನೆಯಲ್ಲಿ ಬಟ್ಟಲಿಗೆ ಹಾಕಿ ಮುಚ್ಚಿಡುತ್ತಿದ್ದಳು, ತಡವಾಗಿ ಬರುವವರಿಗೆ ಇಡುವ ಹಾಗೆ.

ಈ ಸಲದ ಪರ್ಬ ಹತ್ತಿರ ಬಂದಿತ್ತು. ಅಂಗಡಿಯಲ್ಲಿ ರವಿಕೆಯ ರಾಶಿ. ಒಬ್ಬಳು ಹೆಂಗಸು ಮಗನಿಗೆ ಅಂಗಿ ಹೊಲಿಸಲು ಬಂದು, ಅಳತೆಗೆಂದು ಒಂದು ಹಳೆಯ ಅಂಗಿ ಮೇಜಿನ ಮೇಲಿಟ್ಟಳು. “ಇವರದ್ದೇ,” ಎಂದಳು ಮೆಲ್ಲಗೆ. ಅವಳ ಕುತ್ತಿಗೆಯಲ್ಲಿ ಕರಿಮಣಿ ಇರಲಿಲ್ಲ. ನೀಲಾವತಿ ಅಂಗಿಯನ್ನು ಮಡಚಿ ಅವಳ ಚೀಲಕ್ಕೇ ಹಾಕಿದಳು.

“ಮಗನನ್ನೇ ಕರಕೊಂಡು ಬಾ ತಂಗಿ. ಮೈಯ ಅಳತೆ ತೆಗೀತೇನೆ.”

ಸತ್ತವರ ಬಟ್ಟೆಯನ್ನು ಅಳತೆಗೆ ಇಟ್ಟು ಬದುಕಿರುವವರಿಗೆ ಹೊಲಿಯುವುದಿಲ್ಲ. ಕೆಲಸ ಕಲಿಸಿದವರು ಸೂಜಿ ಕೊಡುವ ಮೊದಲೇ ಹೇಳಿದ ಮಾತದು. ಪಕ್ಕದಂಗಡಿಯ ಮೈಮೂನಮ್ಮನಿಗೂ ಗೊತ್ತಿತ್ತು.

ಅದೇ ವಾರ ದೀಕ್ಷಿತಾ ಬಂದಳು. ಉಜಿರೆಯಲ್ಲಿ ಓದಿದವಳು, ಈಗ ಬೆಂಗಳೂರಿನಲ್ಲಿ ಸೀರಿಯಲ್‌ಗಳಿಗೆ ಉಡುಪು ನೋಡಿಕೊಳ್ಳುವವಳು. ಜೊತೆಯಲ್ಲಿ ಉಜ್ವಲ್ ಎಂಬ ಎತ್ತರದ ನಟ.

“ಅಕ್ಕ, ಆ ಮಂಗಳ ಗ್ರಹದ ಸಿನಿಮಾ ಉಂಟಲ್ಲ, ಅದನ್ನು ಈಗ ಹೊಸ ಕಂಪೆನಿಯವರು ಮೊದಲಿಂದ ಮಾಡ್ತಾರೆ. ಒಂದರ ಹಿಂದೆ ಒಂದು, ಸಾಲು ಸಾಲು ಸಿನಿಮಾ. ಅದರ ಒಟ್ಟಿಗೆ ಟಿವಿಗೆ ಒಂದು ಸೀರಿಯಲ್. ಸಿನಿಮಾದಲ್ಲಿ ಎಲ್ಲ ಹೊಸತು. ಸೀರಿಯಲ್ ಮಾತ್ರ ಹಳೇ ಕಥೆಯಿಂದ ಒಬ್ಬನನ್ನು ಎತ್ತಿಕೊಂಡದ್ದು. ಕೊನೆಗೆ ನಡೆದು ಹೋಗ್ತಾನಲ್ಲ, ಅವನು.”

“ಅವನಿಗೆ ಎಂತ?” ಎಂದಳು ನೀಲಾವತಿ.

“ಅವನು ವಾಪಸ್ ಬರ್ತಾನೆ.”

ಮೆಷಿನ್ನಿನ ಚಕ್ರದ ಮೇಲಿದ್ದ ಅವಳ ಕೈ ಅಲ್ಲೇ ನಿಂತಿತು.

ಮೈಮೂನಮ್ಮ ಲೇಸು ಅಳೆಯುವುದನ್ನು ಬಿಟ್ಟು ಬಾಗಿಲಿಗೆ ಬಂದಿದ್ದಳು. “ಇಷ್ಟು ವರ್ಷ ಅಲ್ಲಿ ಎಂತ ತಿಂದನಂತೆ ಅವನು?” ಎಂದಳು.

“ಅದನ್ನೇ ಸೀರಿಯಲ್‌ನಲ್ಲಿ ತೋರಿಸುವುದು ಅಮ್ಮ,” ಎಂದ ಉಜ್ವಲ್, ನಗುತ್ತಾ.

“ಹಾಗಾದರೆ ಮುಗಿಯುವುದಿಲ್ಲ ಅದು. ನನ್ನ ಸೊಸೆ ನೋಡುವುದೂ ಹಾಗೇ, ಒಂದು ಚಾ ಕುಡಿಯಲಿಕ್ಕೆ ಅವರಿಗೆ ಒಂದು ವಾರ ಬೇಕು.”

ದೀಕ್ಷಿತಾಳಿಗೆ ಬೇಕಾದದ್ದು ಹಳೆಯದರಂತೆಯೇ ಒಂದು ಹೊಸ ಸೂಟು. ಅವನನ್ನು ನೋಡಿದವರು ಗುರುತು ಹಿಡಿಯುವುದು ಆ ತಗ್ಗಿದ ಭುಜದಿಂದ. ಅದು ಕೂದಲೆಳೆಯಷ್ಟೂ ತಪ್ಪಬಾರದು. “ಹಳೇ ಸೂಟು ನಿಮ್ಮಲ್ಲೇ ಉಂಟಂತೆ. ಅದನ್ನೇ ಅಳತೆಗೆ ಇಟ್ಟುಕೊಳ್ಳಿ. ಶೂಟಿಂಗ್ ಇಲ್ಲಿನ ಕೋರೆಯಲ್ಲೇ, ಬಣ್ಣ ನೋಡ್ಲಿಕ್ಕೆ ಅಲ್ಲಿಗೂ ಬೇಕು, ಆಮೇಲೆ ವಾಪಸ್ ಕೊಡ್ತೇವೆ. ಆಗ್ತದಲ್ಲ ಅಕ್ಕ?”

ಮೈಮೂನಮ್ಮ ನೀಲಾವತಿಯ ಮುಖವನ್ನೇ ನೋಡುತ್ತಿದ್ದಳು. ಆಗುವುದಿಲ್ಲ ಎಂದರೆ ಸಂಕಪ್ಪ ಸತ್ತ ಎಂದು ತನ್ನ ಬಾಯಿಂದಲೇ ಹೇಳಿದ ಹಾಗೆ. ಆಗಬಹುದು ಎಂದರೆ ಅವನಿನ್ನೂ ಎಲ್ಲೋ ಇದ್ದಾನೆ. ಇಷ್ಟು ವರ್ಷ ಎರಡನ್ನೂ ಹೇಳದೆ ಬದುಕಿಯಾಗಿತ್ತು.

“ಇಡಬಹುದು,” ಎಂದಳು ನೀಲಾವತಿ. “ಅಳತೆಗೆ ಇಡಲಿಕ್ಕೆ ಎಂತ ತೊಂದರೆ.”

ಅವರು ಹೋದ ಮೇಲೆ ಮೈಮೂನಮ್ಮ ಬಿಟ್ಟ ಲೇಸನ್ನು ಮತ್ತೆ ಅಳೆದು ಸುತ್ತಿಟ್ಟಳು. ಕೊನೆಗೆ, “ಒಳ್ಳೆಯದಾಗಲಿ,” ಎಂದಳು.

ನೀಲಾವತಿ ಸೂಟನ್ನು ಮೇಜಿನ ಮೇಲೆ ಹಾಸಿದಳು. ತೋಳಿನ ಒಳಗೆ ಕೆಂಪು ಧೂಳು ಇನ್ನೂ ಇತ್ತು. ಎಡ ಭುಜಕ್ಕೆ ಬಂದಾಗ ಟೇಪು ಬೇಕಾಗಲಿಲ್ಲ. ಬೆರಳು ತಾನಾಗಿ ಇಳಿಯಿತು. ಅವಳು ಮನಸ್ಸಿನಲ್ಲೇ ಮಾತಾಡಿಕೊಂಡು ಹೊಲಿದಳು, ನಾಳೆ ಬರುವವನಿಗೆ ಹೊಲಿದ ಹಾಗೆ. ಹೊಸದು ಮುಗಿದ ದಿನ ದೀಕ್ಷಿತಾ ವ್ಯಾನು ತಂದು ಎರಡನ್ನೂ ಹಾಕಿಕೊಂಡು ಹೋದಳು.

ಆ ಸಂಜೆ ಕೋರೆಯ ಯಂತ್ರ ನಿಂತಿತು. ಕಿವಿಯ ಗುಂಯ್ ಇಳಿಯಿತು. ನೀಲಾವತಿ ಅನ್ನ ಬಸಿಯುತ್ತಿದ್ದಳು.

ಸರಕ್, ಸರಕ್.

ತಟ್ಟೆಯನ್ನು ಕೆಳಗಿಟ್ಟಳು. ಗಾಳಿ ಎಂದುಕೊಳ್ಳಲು ಹೋದಳು, ಮಾತು ಮೂಡಲಿಲ್ಲ. ಎದ್ದು ಒಳಕೋಣೆಯ ಬಾಗಿಲು ತಳ್ಳಿದಳು. ಕಿಟಕಿ ಮುಚ್ಚಿತ್ತು. ಬಾಗಿಲ ಹಿಂದೆ ಬರೀ ಮೊಳೆ. ಸುಣ್ಣದ ಗೋಡೆಯ ಮೇಲೆ, ಸೂಟು ಇಷ್ಟು ವರ್ಷ ಉಜ್ಜಿ ಮಾಡಿದ ಕಪ್ಪು ಗುರುತು, ಒಂದು ಭುಜ ಎತ್ತರ, ಒಂದು ತಗ್ಗು. ಸದ್ದು ಅವಳ ಪಕ್ಕದಿಂದ ಹಾದು ಅಡುಗೆಮನೆಯ ಕಡೆಗೆ ಹೋಯಿತು, ಹಸಿದವನು ಹೋಗುವಂತೆ. ಅಲ್ಲಿ ನಿಂತಿತು.

ಅವಳು ಹೆದರಲಿಲ್ಲ. ಹೊಸ್ತಿಲ ಮೇಲೆ ಕೂತುಕೊಂಡಳು. ಎಷ್ಟು ಕಾಲದಿಂದ ಬರುತ್ತಿದ್ದಾನೋ. ಮುಚ್ಚಿಟ್ಟ ಬಟ್ಟಲನ್ನು ತೆರೆದು ಉಣ್ಣುವುದು ಬದುಕಿರುವವರಿಗೆ ಮಾತ್ರ ಆಗುತ್ತದೆ. ಅವನಿಗೆ ಎಲೆಯಿಲ್ಲ, ಕರೆಯುವವರಿಲ್ಲ. ಸ್ವಂತ ಮನೆಯಲ್ಲೇ ನೆಂಟನ ಹಾಗೆ ನಿಂತು ಹೋಗಿದ್ದಾನೆ.

ಮರುದಿನ ಮಧ್ಯಾಹ್ನದ ಮೇಲೆ ಅವಳು ಕೋರೆಗೆ ಹೋದಳು. ಕೆಂಪು ಗೋಡೆಯ ಬುಡದಿಂದ ಉಜ್ವಲ್ ಕ್ಯಾಮೆರಾದ ಕಡೆಗೆ ನಡೆದು ಬರುತ್ತಿದ್ದ, ಎಡ ಭುಜ ತಗ್ಗಿಸಿ. ಹೆಲ್ಮೆಟ್ಟಿನ ಗಾಜಿನಲ್ಲಿ ಬರೀ ಆಕಾಶ.  ‘ಸಂಕು’ ಎಂದು ಕರೆಯಲು ಹೋಗಿ ತಡೆದುಕೊಂಡಳು.

“ಸರಿಯಾದ ಹೊತ್ತಿಗೆ ಬಂದ್ರಿ ಅಕ್ಕ,” ಎಂದಳು ದೀಕ್ಷಿತಾ. “ಮುಂದಿನ ಶಾಟ್‌ನಲ್ಲಿ ಹೆಲ್ಮೆಟ್ ತೆಗೀತಾನೆ. ಜನ ಇಷ್ಟು ವರ್ಷ ಕಾದದ್ದು ಆ ಮುಖಕ್ಕೆ.”

ನೀಲಾವತಿ ಬಿಡುವಿಗೆ ನಿಂತಿದ್ದ ಉಜ್ವಲ್‌ನ ಬಳಿ ಹೋದಳು. ಸೊಂಟದ ಚೀಲದಿಂದ ಸಣ್ಣ ಕತ್ತರಿ ತೆಗೆದು ಅವನ ಎಡ ಭುಜದ ಹೊಲಿಗೆಗೆ ಇಟ್ಟಳು.

“ಅಲುಗಬೇಡ ಮಗಾ.”

“ಎಂತ ಮಾಡ್ತಿದ್ದೀರಿ ಅಕ್ಕ?” ದೀಕ್ಷಿತಾ ಓಡಿ ಬಂದಳು. “ಅದೇ ಬೇಕಾದದ್ದು ನಮಗೆ!”

“ಭುಜ ಸಮ ಮಾಡ್ತೇನೆ. ಇವನ ಮೈಗೆ ಸರಿಯಾಗಿ.”

“ಯಾಕೆ? ಮೊನ್ನೆ ನೀವೇ ಆಗ್ತದೆ ಅಂದದ್ದು.”

“ಅಂದೆ. ತಪ್ಪಾಯ್ತು.” ಕತ್ತರಿ ನಿಲ್ಲಲಿಲ್ಲ. “ಸತ್ತವರ ಬಟ್ಟೆ ನಾವು ಅಳತೆಗೆ ಇಡುವುದಿಲ್ಲ.”

ಮಾತು ಅವಳ ಕಿವಿಗೂ ಬಿತ್ತು. ಆಕಾಶವೇನೂ ಬೀಳಲಿಲ್ಲ. ಕೋರೆಯ ಆಚೆ ತುದಿಯಲ್ಲಿ ಯಾರೋ ನೀರಿನ ಕ್ಯಾನು ಉರುಳಿಸುತ್ತಿದ್ದರು.

ಉಜ್ವಲ್ ಹೆಲ್ಮೆಟ್ ತೆಗೆದ. ಬೆವರಿದ, ಎಳೆಯ, ಬೇರೆಯೇ ಒಂದು ಮುಖ. “ಹೊಲೀರಿ ಅಕ್ಕ,” ಎಂದ.

“ಮತ್ತೆ ಅವನೇ ಅಂತ ಜನರಿಗೆ ಗೊತ್ತಾಗುವುದು ಹೇಗೆ?” ದೀಕ್ಷಿತಾಳ ದನಿ ಇಳಿದಿತ್ತು.

“ಅಷ್ಟು ದೂರ ಹೋಗಿ ಬಂದವನು ಹೋದ ಹಾಗೇ ಬರ್ತಾನಾ? ಇವನು ಇವನ ಹಾಗೇ ನಡೆಯಲಿ. ನಿಮ್ಮವನು ಬದುಕಿ ಬಂದವನಲ್ವಾ?”

ಅಲ್ಲೇ ನಿಂತು ಭುಜ ಸಮ ಮಾಡಿ, ನೂಲನ್ನು ಹಲ್ಲಿನಿಂದ ಕಡಿದಳು. ಕುರ್ಚಿಯ ಮೇಲಿದ್ದ ಹಳೆಯ ಸೂಟನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಅದು ಸದ್ದು ಮಾಡಲಿಲ್ಲ.

“ಶಾಟ್ ನೋಡುವುದಿಲ್ವಾ ಅಕ್ಕ? ಚಾ ಆದ್ರೂ ಕುಡಿದು ಹೋಗಿ,” ಎಂದ ಉಜ್ವಲ್.

“ಇಲ್ಲ ಮಗಾ, ಕತ್ತಲಾಗುವ ಮೊದಲು ಬಾಳೆಲೆ ಕೊಯ್ಯಬೇಕು,” ಎಂದಳು ನೀಲಾವತಿ, ಆಗಲೇ ಏರಿನ ದಾರಿ ಹಿಡಿದು, ತಿರುಗಿ ನೋಡದೆ. “ನಾಳೆ ಪರ್ಬ ಅಲ್ವಾ. ಅಪ್ಪನಿಗೊಂದು, ಅಮ್ಮನಿಗೊಂದು, ಮತ್ತೆ ಈ ಸಲ ಸಂಕುವಿಗೊಂದು.”