ಆರನೇ ಊರಿನ ಮೇಡಂ

ನಮ್ಮ ಟೈಪಿಂಗ್ ಮೇಡಂ ಅವರ ಬಲಗೆನ್ನೆಯ ಮೇಲೆ ಯಾವಾಗ ನೋಡಿದರೂ ನೀಲಿ ಕಾರ್ಬನ್ನಿನ ಬೆರಳ ಗುರುತು ಇರುತ್ತಿತ್ತು. ಯೋಚನೆ ಮಾಡುವಾಗ ಕೆನ್ನೆಗೆ ಕೈ ಕೊಡುವ ಚಾಳಿ ಅವರದು. ಏನು ಯೋಚನೆ ಅಂತೀರಿ? ಕೊಟ್ಟೂರಿನ ಆ ಇನ್‌ಸ್ಟಿಟ್ಯೂಟಿನಲ್ಲಿ ಮಿಷನ್ನುಗಳು ಟಕಟಕ ಅನ್ನುತ್ತಿದ್ದರೆ, ಈಕೆ ಎಲ್ಲೂ ಇಲ್ಲದ ಒಂದು ಊರಿನಲ್ಲಿ ಈ ವಾರ ಯಾರ ಮನೆಗೆ ಕನ್ನ ಬೀಳಬೇಕು ಅಂತ ತಲೆ ಕೆಡಿಸಿಕೊಂಡಿರುತ್ತಿದ್ದರು!

ಎಂಬತ್ತನೇ ಇಸವಿಯ ಆಸುಪಾಸು. ನಾನು ಹರಪನಹಳ್ಳಿಯ ಹುಡುಗಿ, ಗುಡೇಕೋಟೆಗೆ ಹೊಸ ಟೀಚರ್. ಹಾಜರಿ ಪುಸ್ತಕದ ತುಂಬ ಹೆಸರು, ಕೋಣೆಯಲ್ಲಿ ಎಂಟೋ ಒಂಬತ್ತೋ ಮಕ್ಕಳು. ಮಿಕ್ಕವರೆಲ್ಲ ಕುರಿ ಹಿಂದೆ ಗುಡ್ಡದಲ್ಲಿ. ಸಾಕಾಗಿ ಹೋಗಿತ್ತು ನನಗೆ. ಟೈಪಿಂಗ್ ಕಲಿತು ಯಾವುದಾದರೂ ಆಫೀಸು ಸೇರೋಣ ಅಂತ ಭಾನುವಾರ ಭಾನುವಾರ ಬಸ್ಸು ಬದಲಿಸಿ ಕೊಟ್ಟೂರಿಗೆ ಹೋಗುತ್ತಿದ್ದೆ. ಕೈ ಸ್ವಲ್ಪ ಕೂತ ಮೇಲೆ ನಾನು ಟೈಪು ಮಾಡಿದ ಮೊದಲ ಪತ್ರವೇ ನನ್ನ ರಾಜೀನಾಮೆ.

ಮೇಡಂ ಹಿಂದಿನಿಂದ ಬಂದು ನಿಂತು ಓದಿದರು. ಬುದ್ಧಿ ಹೇಳುತ್ತಾರೆ ಅಂತ ನಾನು ಮೈಯೆಲ್ಲ ಮುಳ್ಳು ಮಾಡಿಕೊಂಡು ಕೂತೆ. ಅವರು ಕೇಳಿದ್ದೇ ಬೇರೆ.

"ಟೀಚರ್, ನಮ್ಮೂರಿಗೆ ಒಬ್ಬಾಕಿ ಸೂಲಗಿತ್ತಿ ಬೇಕಾಗ್ಯಾಳ. ನೀವು ಆಗ್ತೀರೇನ್ರಿ?"

"ಯಾವ ಊರಿಗೆ ರೀ?"

"ಆರನೇ ಊರಿಗೆ."

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಕಡೆಯವರು ಸೇರಿ ಕಾಗದದ ಮೇಲೆ ಕಟ್ಟಿದ ಊರದು. ಹಡಗಲಿಯ ಕಂಪೌಂಡರ್ ಅಲ್ಲಿ ಪೊಲೀಸ್ ಫೌಜುದಾರ. ಹರಪನಹಳ್ಳಿಯ ಟೇಲರ್ ಅಲ್ಲಿ ದೊಡ್ಡ ಗೌಡ. ಹಗರಿಬೊಮ್ಮನಹಳ್ಳಿಯ ನರ್ಸಮ್ಮ, ನಿಜದಲ್ಲಿ ಇರುವೆಗೂ ನೋವು ಮಾಡದಾಕೆ, ಅಲ್ಲಿ ಪಕ್ಕಾ ಕಳ್ಳಿ! ತಮ್ಮ ಪಾತ್ರ ಈ ವಾರ ಏನು ಮಾಡಿತು, ಏನು ಮಾತಾಡಿತು ಅಂತ ಪ್ರತಿಯೊಬ್ಬರೂ ಮೇಡಂಗೆ ಕಾರ್ಡು ಬರೆಯಬೇಕು. ಎಲ್ಲ ಕಾರ್ಡು ಜೋಡಿಸಿ, ನಡುವೆ ಒಂದು ಗಾಳಿಯನ್ನೋ ಗಲಾಟೆಯನ್ನೋ ತಾವೇ ಎಬ್ಬಿಸಿ, ಕಾರ್ಬನ್ ಇಟ್ಟು ಟೈಪು ಮಾಡಿ ಎಲ್ಲರಿಗೂ ಒಂದೊಂದು ಪ್ರತಿ ಅಂಚೆಗೆ ಹಾಕುತ್ತಿದ್ದರು ಮೇಡಂ. ಮುಂದಿನ ವಾರ ಮತ್ತೆ ಕಾರ್ಡು, ಮತ್ತೆ ಹಾಳೆ.

ರಾಜೀನಾಮೆ ಪತ್ರವನ್ನು ಚೀಲಕ್ಕೆ ತುರುಕಿ ಹೂಂ ಅಂದೆ. ನನಗೆ ಬಂದ ಮೊದಲ ಹಾಳೆಯ ಮೊದಲ ಸಾಲೇ ಹೀಗಿತ್ತು: ಗೌಡರ ಸೊಸೆಗೆ ನೋವು ಶುರುವಾಗಿದೆ, ಸೂಲಗಿತ್ತಿ ಇನ್ನೂ ಬಂದಿಲ್ಲ. ಅಯ್ಯೋ, ನನಗೆ ಅನ್ನ ಇಳಿಯಲಿಲ್ಲ! ಅರ್ಧ ತಿಂದ ತಟ್ಟೆ ಸರಿಸಿ ಕಾರ್ಡು ಬರೆದೆ.

"ಹೊಸಬರು ಬಂದ ವಾರದಾಗ ಅವರ ಕೈಗೆ ಕೆಲಸ ಕೊಡಬೇಕ್ರಿ," ಅನ್ನುತ್ತಿದ್ದರು ಮೇಡಂ. "ಅವರಿಲ್ದ ಊರು ನಡಿಯಂಗಿಲ್ಲ ಅಂತ ಅವರಿಗೆ ಅನ್ನಿಸಬೇಕು. ಚಲೋ ಬರದೀರಿ ಅಂತ ಹೊಗಳಿದ್ರ ಒಂದು ವಾರ ಇರ್ತಾರ. ಕಾಯಾಕತ್ತೀವಿ ಅಂದ್ರ ಬಿಟ್ಟು ಹೋಗಂಗಿಲ್ಲ."

ಜನರನ್ನು ಸೇರಿಸುವುದರಲ್ಲಿ ಆಕೆ ಭಾರಿ ಪಾಕಡಾ. ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕೂತವರನ್ನೂ ಬಿಡುತ್ತಿರಲಿಲ್ಲ. "ನಿಮ್ಮ ಮುಖ ನೋಡಿದ್ರ ವಕೀಲರ ಕಳೆ ಐತಲ್ರಿ, ನಮ್ಮೂರಾಗ ವಕೀಲರಿಲ್ಲ" ಅಂತ ಶುರು! ಬೀಜದಂಗಡಿಯವನೊಬ್ಬ ಆ ಒಂದು ಮಾತಿಗೆ ಮರುಳಾಗಿ ಎರಡು ವರ್ಷ ವಾದ ಮಾಡಿದ. ನಾನಂತೂ ಶನಿವಾರದ ಟಪಾಲಿಗಾಗಿ ಗುಡೇಕೋಟೆಯ ಇಡೀ ವಾರವನ್ನು ನುಂಗಿಕೊಳ್ಳತೊಡಗಿದೆ. ಆ ಊರು ಒಡೆದರೆ ನನ್ನ ನೌಕರಿಯೂ ಅವತ್ತಿಗೇ ಮುಗಿಯಿತು ಅಂತ ನನಗೆ ಗೊತ್ತಿತ್ತು.

ಒಡೆಯುವ ಕಾಲ ಬಂದೇ ಬಂತು. ಟೇಲರ್ ವಾರಕ್ಕೆ ನಾಲ್ಕು ಕಾರ್ಡು ಬರೆದು ತನ್ನ ಗೌಡನನ್ನು ಮೆರೆಸಿದ್ದೇ ಮೆರೆಸಿದ್ದು. ಮೇಡಂ ಒಂದನ್ನೂ ಕತ್ತರಿಸಲಿಲ್ಲ. ಗೌಡನೆದುರು ಫೌಜುದಾರನ ಮಾತು ಒಂದೂ ನಡೆಯದೆ ಹೋಯಿತು. ಕಂಪೌಂಡರಿಗೆ ಸಿಟ್ಟು ಬಂದು ಕಾರ್ಡು ನಿಂತವು. ಒಂದು ವಾರ, ಎರಡು, ಮೂರು. ನರ್ಸಮ್ಮನೂ ಬೇಸರ ಬಂತು ಅಂತ ಬರೆದರು. ಮೇಡಂಗೆ ರೋಷ ಉಕ್ಕಿತು. ಆ ವಾರದ ಹಾಳೆಯ ತಲೆಯ ಮೇಲೇ ಟೈಪು ಮಾಡಿದರು: "ನಮ್ಮ ಫೌಜುದಾರರು ನಿನ್ನೆ ತೀರಿಕೊಂಡರು."

ಪಕ್ಕದಲ್ಲೇ ಕೂತಿದ್ದ ನಾನು ಬೇಡ ಅನ್ನಬೇಕಿತ್ತು. ಕವರುಗಳ ಮೇಲೆ ವಿಳಾಸ ಬರೆದುಕೊಟ್ಟೆ.

ಹಾಳೆ ಹಡಗಲಿ ಮುಟ್ಟಿದ ದಿನ ಕಂಪೌಂಡರ್ ಚುಚ್ಚುಮದ್ದು ಹಾಕಲು ಹಳ್ಳಿಗಳ ಮೇಲೆ ಹೋಗಿ ಎರಡು ದಿನವಾಗಿತ್ತು. ಓದು ಬಾರದ ತಾಯಿ ಪೋಸ್ಟ್‌ಮ್ಯಾನ್ ಕೈಯಲ್ಲೇ ಓದಿಸಿದರು. ಮಗ ಯಾವುದೋ ಊರಿನ ಫೌಜುದಾರ ಅಂತ ಇಡೀ ಓಣಿಗೆ ಗೊತ್ತು. ಪೋಸ್ಟ್‌ಮ್ಯಾನ್ ಮೊದಲ ಸಾಲು ಓದಿದ್ದೇ ತಡ, ಆ ತಾಯಿ ಎದೆ ಬಡಿದುಕೊಂಡು ಕುಸಿದರು. ಸಾವಿನ ಕಾಗದವನ್ನು ಮನೆಯೊಳಗೆ ಒಯ್ಯುವ ಪದ್ಧತಿ ನಮ್ಮಲ್ಲಿಲ್ಲ, ಹೊಸ್ತಿಲಾಚೆಯೇ ಹರಿದು ಹಾಕಬೇಕು. ಪಕ್ಕದ ಮನೆಯಾಕೆ ಅದನ್ನು ಚೂರು ಚೂರು ಮಾಡಿದರು. ಮುಂದಿನ ಸಾಲು ಯಾರೂ ಓದಲಿಲ್ಲ. ಸಂಜೆ ಬಸ್ಸಿಳಿದು ಬಂದ ಕಂಪೌಂಡರಿಗೆ ಕಂಡದ್ದು ತನ್ನದೇ ಮನೆ ಮುಂದೆ ಅಳುವ ಜನ!

ಆ ಭಾನುವಾರ ಕಂಪೌಂಡರ್ ಇನ್‌ಸ್ಟಿಟ್ಯೂಟಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದರು. ಮಿಷನ್ನೆಲ್ಲ ಗಪ್ಪಾದವು. ಜಗಳ ಬಂತು ಅಂತ ನಾನು ಎದ್ದು ನಿಂತೆ.

"ಮೇಡಂ! ಮೊದ್ಲು ಒಂದು ಹೇಳ್ರಿ. ನಾ ಹೆಂಗ ಸತ್ತೆ?"

"ಹಾಳ್ಯಾಗ ಬರದಿತ್ತಲ್ರಿ," ಅಂದರು ಮೇಡಂ.

"ಹಾಳಿ ಹರದು ಒಗದಾರ್ರಿ! ಯಾರು ಹೊಡದ್ರು ನನ್ನ? ಆ ಗೌಡನಾ? ಎರಡು ದಿನ ಆತು, ನಿದ್ದಿ ಇಲ್ಲ!"

ನನಗೆ ನಗು ತಡೆಯಲಾಗಲಿಲ್ಲ. ಮೇಡಂ ನಗಲಿಲ್ಲ. ಮನೆಯಲ್ಲಿ ನಡೆದದ್ದೆಲ್ಲ ಕೇಳಿ ಅವರ ಮುಖ ಸಣ್ಣದಾಯಿತು. "ತಪ್ಪು ನಂದು," ಅಂದರು. "ಬಿಟ್ಟು ಹೋದವರನ್ನ ಯಾಕ ಹೋದ್ರಿ ಅಂತ ಕೇಳಬೇಕಿತ್ತು. ಸಾಯಿಸಿಬಿಟ್ಟೆ. ನಡೀರಿ, ನಿಮ್ಮವ್ವನ ಕಾಲು ಹಿಡೀಬೇಕು."

ಬಾಗಿಲಿಗೆ ಬೀಗ ಹಾಕಿಸಿ ನನ್ನನ್ನೂ ಎಳೆದುಕೊಂಡು ಹಡಗಲಿಗೆ ಹೊರಟೇಬಿಟ್ಟರು. ಆ ತಾಯಿ ನಮ್ಮನ್ನು ಒಳಗೆ ಕರೆಯಲಿಲ್ಲ. "ಬದುಕಿದ್ದ ಮಗನ್ನ ಸಾಯಿಸಿದೆಲ್ಲವ್ವಾ, ನಿನ್ನ ಕೈಗೆ ಏನು ಬಂದಿತ್ತು! ಸಾಯಿಸಿದಾಕಿ ನೀನ, ಬದುಕಿಸಾಕಿನೂ ನೀನ. ಇಲ್ಲೇ, ನನ್ನ ಕಣ್ಣ ಮುಂದ ಬರಿ" ಅಂದರು. ಮೇಡಂ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ಕೂತರು. ಮಾತಿಗೆ ಎಂದೂ ಬರಗಾಲ ಕಾಣದ ಆ ಕೈ ಅವತ್ತು ಓಡಲಿಲ್ಲ. ಕೊನೆಗೆ ಆ ತಾಯಿಗೇ ತಡೆಯಲಾಗಲಿಲ್ಲ.

"ಸತ್ತೇ ಇರಲಿಲ್ಲ ಅಂತ ಬರಿ! ಜ್ವರ ನೆತ್ತಿಗೇರಿ ಮಲಗಿದ್ದ. ಆ ಊರಾಗ ಸೂಲಗಿತ್ತಿ ಅದಾಳೋ ಇಲ್ಲೋ?"

"ಈಕಿನ ನೋಡ್ರಿ," ಅಂತ ಮೇಡಂ ನನ್ನನ್ನು ಮುಂದೆ ತಳ್ಳಿದರು.

"ಹಂಗಾರ ಈಕಿ ಕಷಾಯ ಕುಡಿಸಿ ಎಬ್ಬಿಸಿದ್ಲು ಅಂತ ಬರಿ. ಕಷಾಯ ಕಾಸಿಕೊಟ್ಟಾಕಿ ನಾನು. ಗೌಡಗೆ ಒಂದು ತೊಟ್ಟೂ ಕೊಡಂಗಿಲ್ಲ! ಮುಂದ ಏನಾತು ಅಂತ ವಾರಾ ವಾರಾ ಬರದು ಕಳಸು, ಪೋಸ್ಟಪ್ಪ ಓದ್ತಾನ."

ಓಹ್, ಅವತ್ತಿನ ಮೇಡಂ ಮುಖ! ಆಟಕ್ಕೆ ಹೊಸಬರು ಸಿಕ್ಕಿದ್ದರು! ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ತೊಡೆ ತಟ್ಟಿ ತಟ್ಟಿ ನಕ್ಕರು. ಮುಂದಿನ ವಾರದಿಂದ ಗೌಡರಿಗೂ ವಾರಕ್ಕೆ ಒಂದೇ ಕಾರ್ಡು ಅಂತ ಕಾನೂನಾಯಿತು. ಟೇಲರ್ ಗೊಣಗಿದ, ಆದರೆ ಬಿಡಲಿಲ್ಲ. ಊರು ಆರು ವರ್ಷ ನಡೆಯಿತು.

ಆರನೇ ವರ್ಷ ಮೇಡಂಗೆ ಎದೆನೋವು ಕಾಣಿಸಿಕೊಂಡಿತು, ಒಂದು ಬೆಳಿಗ್ಗೆ ತೀರಿಹೋದರು. ಊರನ್ನು ನಾನು ನಡೆಸುತ್ತೇನೆ ಅಂತ ಹುಮ್ಮಸ್ಸಿನಿಂದ ಮಿಷನ್ ಮುಂದೆ ಕೂತೆ. ಎರಡು ತಿಂಗಳಿಗೆ ಕಾರ್ಡು ನಿಂತವು. ಅಷ್ಟೂ ಜನರನ್ನು ಆಕೆ ಅಷ್ಟು ವರ್ಷ ಹೇಗೆ ಕೂಡಿಸಿಟ್ಟುಕೊಂಡಿದ್ದರೋ, ನನ್ನಿಂದ ಆಗಲಿಲ್ಲ. ಕೊನೆಯ ಹಾಳೆಗೆ ಒಂದು ಉತ್ತರವೂ ಬಾರದ ಶನಿವಾರ ನಾನು ಸಾಲೆಯ ಮೆಟ್ಟಿಲ ಮೇಲೆ ಕೂತು ಅತ್ತೆ.

ಮುಂದಿನ ಸೋಮವಾರ ಕುರಿಗಾರರ ಹುಡುಗಿಯೊಬ್ಬಳು ಮೊದಲ ಸಲ ಸಾಲೆಗೆ ಬಂದು ಬಾಗಿಲಲ್ಲೇ ನಿಂತಳು. ಅಂಥವರು ಬರುವುದು ಒಂದೇ ದಿನ ಅಂತ ನನಗೆ ಗೊತ್ತಿತ್ತು. ಹೆಸರು ಬರೆದುಕೊಳ್ಳುವ ಮೊದಲೇ ಗಂಟೆ ಹೊಡೆಯುವ ಕಬ್ಬಿಣ ಅವಳ ಕೈಗೆ ಕೊಟ್ಟೆ.

"ಇನ್ನ ಮ್ಯಾಲ ಗಂಟಿ ನಿಂದವ್ವಾ. ನೀ ಬರೂತನಕ ಸಾಲಿ ಶುರು ಆಗಂಗಿಲ್ಲ, ನಾವೆಲ್ಲ ಕಾಯಾಕತ್ತಿರ್ತೀವಿ."

ಮರುದಿನ ನಾನು ಹೋಗುವ ಹೊತ್ತಿಗೆ ಅವಳು ಬಂದಿದ್ದಳು. ಬರುವಾಗ ಗುಡ್ಡದಿಂದ ಇನ್ನೂ ಮೂವರನ್ನು ಕರೆತಂದಿದ್ದಳು.