ಸಿಟ್ಟು ಬೀಸಿದ ಕಲ್ಲು

ನಮ್ಮ ಅತ್ತೆಯ ಬಲ ಅಂಗೈಯಲ್ಲಿ, ಹೆಬ್ಬೆರಳಿನ ಬುಡಕ್ಕೆ, ಹುಣಸೆ ಬೀಜದಂಥ ಗಟ್ಟಿ ಜಡ್ಡು ಇತ್ತು. ಬೀಸುಕಲ್ಲಿನ ಗೂಟ ಹಿಡಿದು ಹಿಡಿದು ಆದದ್ದು. ಅವರು ಗಟ್ಟಿಯಾಗಿದ್ದ ಕೊನೆಯ ದಿನ, ನಾನು ಅವರಿಗೆ ಹೇಳದೆ ಜೋಳವನ್ನು ಊರಿನ ಹೊಸ ಗಿರಣಿಗೆ ಕಳಿಸಿದ್ದೆ. ಅವರು ಹಿಟ್ಟಿನ ಡಬ್ಬಿ ತೆರೆದು, ಚಿಟಿಕೆ ಹಿಟ್ಟು ತಿಕ್ಕಿ ಮೂಸಿ, ನನ್ನ ಕಡೆ ಒಮ್ಮೆ ನೋಡಿದರು. ತುಟಿ ಒಳಗೆ ಮಡಚಿಕೊಂಡು ಹೋಗಿ ಕಲ್ಲಿನ ಮುಂದೆ ಕುಳಿತರು. ಕಲ್ಲು ಗುರ್ರೆಂದು ತಿರುಗಿತು. ಇವತ್ತಿನ ಹಿಟ್ಟು ನನ್ನದು ಎಂದು ತಿಳಿದುಕೊಂಡೆ.

ಹತ್ತಿಮತ್ತೂರಿನ ನಮ್ಮ ಓಣಿಯಲ್ಲಿ ಒಂದು ಕಾಲಕ್ಕೆ ಅತ್ತೆಯ ನಾಲಿಗೆಗೆ ಹೆದರದವರು ಇರಲಿಲ್ಲವಂತೆ. ಬೀಸುವಾಗ ಹೆಂಗಸರು ಪದ ಹಾಡುವುದು ರೂಢಿ. ಅತ್ತೆ ಜೋಳದ ಜೊತೆಗೆ ಓಣಿಯವರನ್ನೂ ಹಾಕಿ ಬೀಸುತ್ತಿದ್ದರು. ಎದುರು ಮನೆಯಾಕೆಯ ಮೂಗು ಆಕೆಗಿಂತ ಮೊದಲೇ ಸವಣೂರ ಸಂತೆಗೆ ಹೋಗಿ ಜಾಗ ಹಿಡಿಯುತ್ತದೆ ಎಂದು ಅವರು ಕಟ್ಟಿದ್ದ ಪದವನ್ನು ಜನ ನನಗೂ ಹೇಳಿ ನಕ್ಕಿದ್ದರು.

ನಾನು ಹಾನಗಲ್ಲಿನಿಂದ ಸೊಸೆಯಾಗಿ ಬರುವ ಹೊತ್ತಿಗೆ ಅತ್ತೆ, ಮಾವ ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಿ ಕೆಲವು ವರ್ಷಗಳಾಗಿದ್ದವು. ಅಂದಿನಿಂದ ಪದ ನಿಂತಿತ್ತು, ಕಲ್ಲು ನಿಂತಿರಲಿಲ್ಲ. ಚುಚ್ಚುಮಾತು ಬಾಯಿಗೆ ಬಂದಾಗಲೆಲ್ಲ ಅತ್ತೆ ಬಾಯಿ ಮುಚ್ಚಿ ಬೀಸಲು ಕೂಡುತ್ತಿದ್ದರು. ಮಾತು ಆರುವವರೆಗೆ ಏಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಹಿಟ್ಟಿಗೆ ಎಂದೂ ಕೊರತೆಯಾಗಲಿಲ್ಲ.

"ಇದು ಯಾರ ಹಿಟ್ಟರಿ, ಅತ್ತಿ?" ಎಂದು ನಾನು ಕೇಳುತ್ತಿದ್ದೆ.

"ಎದುರು ಮನಿಯಾಕಿದು. ಬಡಿ, ರೊಟ್ಟಿ ಛಲೋ ಉಬ್ಬತಾವ."

ಸಂಜೆಯ ಪ್ರಾರ್ಥನೆಯಲ್ಲಿ ಶೋಧನೆ, ಅಂದರೆ ಪಾಪಕ್ಕೆ ಎಳೆಯುವ ಸೆಳೆತ, ಎಂಬ ಮಾತು ಬಂದಾಗ ಅವರ ದನಿ ಗಟ್ಟಿಯಾಗುತ್ತಿತ್ತು. ಒಮ್ಮೆ ಪ್ರಾರ್ಥನೆ ಮುಗಿದ ಮೇಲೆ ಅಂದರು: "ಮಂದಿ ಸೈತಾನನ್ನ ಎಲ್ಲೆಲ್ಲೋ ಹುಡಕತಾರ. ನನ್ನ ಶೋಧನೆ ಎದುರು ಬಾಗಲದಾಗ ಕಸಬರಗಿ ಹಿಡಕೊಂಡ ನಿಂತಿರತೈತಿ." ಅಂದವರೇ ನಾಲಿಗೆ ಕಚ್ಚಿಕೊಂಡು ಕಲ್ಲಿನ ಕಡೆ ನಡೆದರು.

ಎದುರು ಮನೆಯಾಕೆ ಸುಮ್ಮನಿರುವವಳಲ್ಲ. "ಯಾಕಬೇ, ಹೊಸಾ ದೇವರು ನಾಲಗಿ ಕಿತ್ತಕೊಂಡಾನೇನ? ಒಂದ ಪದ ಹಾಡ, ಕೇಳಿ ಭಾಳ ದಿನಾ ಆತು" ಎಂದು ಬಾವಿಯ ಮೇಲೆ ಎಲ್ಲರೆದುರು ಕೆಣಕುತ್ತಿದ್ದಳು. ಅತ್ತೆ ಕೊಡ ಹೊತ್ತು ಬರುತ್ತಿದ್ದರು. ನಮಗೆ ಹಿಟ್ಟಾಗುತ್ತಿತ್ತು.

ನನ್ನ ಮೊದಲ ಕೂಸು ಹೊಟ್ಟೆಯಲ್ಲೇ ಹೋಯಿತು. ಆಗ ಆಕೆ ಬಾವಿಯ ಮೇಲೆ, "ಹಿರ್‍ಯಾರ ದೇವರನ್ನ ಬಿಟ್ಟ ಮನಿಯಾಗ ತೊಟ್ಟಿಲಾ ಹೆಂಗ ತೂಗತೈತಿ?" ಅಂದಳು. ಅತ್ತೆ ಕೊಡ ಕೆಳಗಿಟ್ಟರಂತೆ. ಎಲ್ಲರೂ ಕಾದರಂತೆ. ಮತ್ತೆ ಕೊಡ ಎತ್ತಿಕೊಂಡು ಬಂದರು. ಅಂದು ಕಲ್ಲಿಗೆ ಜೋಳ ಸಾಲಲಿಲ್ಲ. ಗೋದಿ ಹಾಕಿದರು, ಕಡಲೆ ಹಾಕಿದರು. ನಾನು ಚಾಪೆಯ ಮೇಲೆ ಮಲಗಿ ಕೇಳುತ್ತಿದ್ದೆ. ಒಂದು ಮಾತು ತಿರುಗಿ ಅನ್ನಬಾರದಿತ್ತೇ ಎಂದು ಅತ್ತೆಯ ಮೇಲೆಯೇ ಸಿಟ್ಟು ಬಂತು.

ಅದೇ ವರ್ಷ ಎದುರು ಮನೆಯ ಮಗಳನ್ನು ನೋಡಲು ಹಿರೇಕೆರೂರ ಕಡೆಯ ಬೀಗರು ಬಂದರು. ಹೆಣ್ಣು ಕೇಳುವವರು ಎದುರು ಮನೆಯಲ್ಲಿ ವಿಚಾರಿಸುವುದು ನಮ್ಮ ಕಡೆಯ ಪದ್ಧತಿ. ವರನ ತಾಯಿ ನಮ್ಮ ಪಡಸಾಲೆಯಲ್ಲಿ ಕುಳಿತು, "ಹುಡುಗಿ ಹೆಂಗ್ರಿ, ಅಕ್ಕಾರ?" ಎಂದು ಕೇಳಿದಳು. ಎದುರು ಬಾಗಿಲಲ್ಲಿ ಆಕೆ ನಿಂತಿದ್ದಳು. ಮುಖ ಬಿಳಿಚಿತ್ತು.

ಅತ್ತೆ ತುಟಿ ಮಡಚಿಕೊಂಡರು. ಎದ್ದರು. ಎರಡು ಹೆಜ್ಜೆ ಕಲ್ಲಿನ ಕಡೆ ಇಟ್ಟರು. ವರನ ತಾಯಿ ಪಕ್ಕದವರ ಮುಖ ನೋಡಿದಳು. ಅತ್ತೆ ಬೈಯಬೇಕಾಗಿಯೇ ಇರಲಿಲ್ಲ. ಹೀಗೆ ಸುಮ್ಮನೆ ಹೋಗಿ ಬೀಸುತ್ತ ಕುಳಿತರೂ ಸಂಬಂಧ ಮುರಿಯುತ್ತಿತ್ತು. ಅದು ನನಗೆ ಹೊಳೆಯಿತು. ಮುರಿಯಲಿ ಎಂದೇ ಅನಿಸಿತು. ಅತ್ತೆಗೂ ಹೊಳೆದಿರಬೇಕು. ನಿಂತರು. ಗೋಡೆ ಹಿಡಿದುಕೊಂಡು ನಿಂತರು. ಆಮೇಲೆ ತಿರುಗಿ ಬಂದು ಕುಳಿತರು.

"ಈ ನನ್ನ ಸೊಸಿ ಕೂಸಿಲ್ಲದ ಬಾಣಂತಿ ಆಗಿ ಮಲಗಿದ್ಲು. ಆ ಹುಡುಗಿ, ತಾಯಿ ಕಣ್ಣ ತಪ್ಪಿಸಿ ಬಂದು, ದಿನಾ ನೀರು ಕಾಸಿ ಕೊಟ್ಟಾಳ್ರಿ. ನಾ ಇನ್ನೇನ ಹೇಳಲಿ? ಕರಕೊಂಡ ಹೋಗ್ರಿ."

"ತಾಯಿ ಹೆಂಗ್ರಿ?"

"ತಾಯಿ ನಾಲಗಿ ಸವಣೂರ ಖಾರಾ. ನೀವೇನ ತಾಯಿನ್ನ ಕರಕೊಂಡ ಹೊಂಟಿಲ್ಲಲ್ಲ!"

ಬೀಗರು ಬಿದ್ದು ಬಿದ್ದು ನಕ್ಕರು. ಸಂಬಂಧ ಗಟ್ಟಿಯಾಯಿತು. ಅವರು ಹೋದ ಕೂಡಲೇ ಅತ್ತೆ ಕಲ್ಲಿಗೆ ಕೂತರು.

"ಈಗ ಯಾಕ್ರಿ ಅತ್ತಿ? ಒಳ್ಳೇದನ್ನ ಮಾತಾಡೀರಲ್ಲ?"

"ಕಡೀ ಮಾತು ಬ್ಯಾಡಾಗಿತ್ತು" ಅಂದರು.

ಸ್ವಲ್ಪ ಹೊತ್ತಿಗೆ ಎದುರು ಮನೆಯಾಕೆ ನಮ್ಮ ಹೊಸ್ತಿಲು ದಾಟಿ ಬಂದಳು. ತಪ್ಪಾಯಿತು ಅನ್ನಲಿಲ್ಲ. ಅತ್ತೆಯ ಎದುರಿಗೆ ಕುಳಿತು, ಅದೇ ಗೂಟಕ್ಕೆ ತನ್ನ ಕೈಯನ್ನೂ ಹಚ್ಚಿದಳು. "ಹಿಟ್ಟು ದಪ್ಪ ಬೀಳಾಕತ್ತೈತಿ. ವಯಸ್ಸಾತು ನಿನಗ" ಅಂದಳು. ಇಬ್ಬರೂ ಬೀಸಿದರು. ಆ ಹಿಟ್ಟು ಮದುವೆಯ ಮನೆಗೆ ಹೋಯಿತು.

ಮುಂದೆ ನನಗೆ ಇಬ್ಬರು ಮಕ್ಕಳಾದರು. ಗಿರಣಿ ಬಂದ ಮೇಲೆ ಓಣಿಯ ಕಲ್ಲುಗಳೆಲ್ಲ ಹಿತ್ತಲು ಸೇರಿದವು. ನಮ್ಮದನ್ನೂ ತೆಗೆಯೋಣ ಎಂದರೆ ಅತ್ತೆ ಒಪ್ಪಲಿಲ್ಲ. "ಜ್ವಾಳಾ ಗಿರಣಿ ಬೀಸತೈತಿ. ನನ್ನ ಸಿಟ್ಟು ಯಾರು ಬೀಸಬೇಕು? ಹೋದ ವರ್ಷ ಗೆದ್ದದ್ದು ಈ ವರ್ಷಕ್ಕ ಬರೂದಿಲ್ಲವಾ. ದಿನಾ ಬೀಸಬೇಕು, ದಿನಾ ತಿನ್ನಬೇಕು."

ನಾನು ಹೇಳದೆ ಜೋಳವನ್ನು ಗಿರಣಿಗೆ ಕಳಿಸಿದ ಮರುದಿನ ಬೆಳಿಗ್ಗೆ ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. ಆ ವಾರ ದಾಟಲಿಲ್ಲ. ಮಣ್ಣು ಕೊಟ್ಟು ಬಂದಾಗ ಎದುರು ಮನೆಯಾಕೆ ನಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಕೊನೆಗೆ ಬೀಸಿದ ಹಿಟ್ಟು ಅದು.

"ಇದು ಯಾರ ಹಿಟ್ಟ?" ಎಂದು ಕೇಳಿದಳು. ಸಿಟ್ಟು ಯಾರ ಮೇಲೋ ಹಿಟ್ಟು ಅವರದು ಎಂಬುದು ಆಕೆಗೂ ಗೊತ್ತಿತ್ತು ಅಂತಾಯಿತು.

"ನಂದರಿ" ಅಂದೆ.

ಕಲ್ಲು ಇನ್ನೂ ಅಲ್ಲೇ ಇದೆ. ಸಿಟ್ಟು ಬಂದಾಗ ನಾನೂ ಕೂಡುತ್ತೇನೆ, ಬೀಸುತ್ತೇನೆ, ಏಳುತ್ತೇನೆ. ಆದರೆ ನಾನು ತಪ್ಪು ಮಾಡಿದಾಗ ಈ ಮನೆಯಲ್ಲಿ ಈಗ ಯಾವ ಸಪ್ಪಳವೂ ಆಗುವುದಿಲ್ಲ.